ಪ್ರದಕ್ಷಿಣೆ ಮುಗಿಸಿ ಬಂದ ಸೀಗಡಿ

ಎಂಬತ್ತನಾಲ್ಕನೇ ಇಸವಿಯಲ್ಲಿ, ಎಂಟನೇ ಕ್ಲಾಸಿನ ಮಧ್ಯದಲ್ಲಿ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇಂಗ್ಲಿಷ್ ಮಾಸ್ಟ್ರು ನನ್ನ ಪುಸ್ತಕವನ್ನು ಎರಡೇ ಬೆರಳಿನಲ್ಲಿ ಎತ್ತಿ ಹಿಡಿದು, "ಇದು ನೋಟ್‌ಬುಕ್ಕಾ, ಮೀನಿನ ಬುಟ್ಟಿಯಾ?" ಎಂದು ಕ್ಲಾಸಿಗೆಲ್ಲ ತೋರಿಸಿದರು. ಎಲ್ಲರೂ ನಕ್ಕರು. ಮರುದಿನ ಅಮ್ಮನ ಹಿಂದೆ ಮಲ್ಪೆ ಬಂದರಿನ ಸೀಗಡಿ ಶೆಡ್ಡಿಗೆ ಹೋದವನು ಮತ್ತೆ ಆ ಶಾಲೆಯ ಕಡೆ ತಲೆ ಹಾಕಲಿಲ್ಲ.

ಶೆಡ್ಡಿನಲ್ಲಿ ಅಮ್ಮ ಸಿಪ್ಪೆ ಸುಲಿಯುತ್ತಿದ್ದಳು. ನಾನು ಸುಲಿದದ್ದನ್ನು ಗಾತ್ರ ನೋಡಿ ಬೇರೆ ಮಾಡುತ್ತಿದ್ದೆ. ಅವಳು ಕಲಿಸಿದ ಪಾಠ ಒಂದೇ. "ಸೀಗಡಿ ಮೂಸಬೇಡ ಮಗಾ, ಮುಟ್ಟಿದ ಬೆರಳು ಮೂಸು. ಐಸು ಸುಳ್ಳು ಹೇಳ್ತದೆ. ಬೆರಳು ಹೇಳುದಿಲ್ಲ." ತಣ್ಣಗಿರುವಾಗ ಯಾವ ಕೊಳೆತದ್ದೂ ಸುಮ್ಮನೆ ಮಲಗಿರುತ್ತದೆ. ಬೆರಳಿನ ಬಿಸಿಗೆ ಏಳುತ್ತದೆ. ಈ ಒಂದು ಪಾಠದ ಮೇಲೆ ನಾನು ಜೀವನ ಮಾಡಿದ್ದೇನೆ. ಇಪ್ಪತ್ತು ವರ್ಷ ಊರಿನ ಫ್ರೀಜಿಂಗ್ ಪ್ಲಾಂಟಿನಲ್ಲಿ ಗ್ರೇಡಿಂಗ್ ಮಾಡಿದೆ, ನಾನು ಸರಿ ಎಂದ ಒಂದು ಪೆಟ್ಟಿಗೆಯೂ ವಾಪಸು ಬರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಈಗ ಇದನ್ನೆಲ್ಲ ಬರೆಯಲು ಕೂರಿಸಿದ್ದು ಒಂದು ವಾಸನೆ. ಕಳೆದ ಡಿಸೆಂಬರಿನಲ್ಲಿ ಸಿಡ್ನಿಯ ರೌಸ್ ಹಿಲ್ಲಿನಲ್ಲಿ ನನ್ನ ಷಡ್ಡಕನ ಮಗಳ ಹುಟ್ಟುಹಬ್ಬ. ಕೇಕಿನ ಮೇಲೆ ಬಗ್ಗಿದ ಮಗುವಿನ ಮುಂಗೂದಲು ಮೇಣದ ಬತ್ತಿಗೆ ತಗಲಿ ಸುರ್ರೆಂದಿತು. ಏನೂ ಆಗಲಿಲ್ಲ, ಒಂದು ಬೆರಳಿನಷ್ಟು ಕೂದಲು ಸೀದಿತು, ಅಷ್ಟೇ. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಹಿತ್ತಿಲಿಗೆ ಓಡಿ ಬೇಲಿ ಹಿಡಿದು ವಾಂತಿ ಮಾಡಿದೆ. ಷಡ್ಡಕನಿಗೆ ಗಾಬರಿ. ನನ್ನ ಹೆಂಡತಿ ಶಕುಂತಲಾ ನೀರಿನ ಗ್ಲಾಸು ಹಿಡಿದು ಬಂದು, "ಏನಿಲ್ಲ ಭಾವ, ಇವರಿಗೆ ಎರಡು ಸಾವಿರದ ಹದಿಮೂರು ಹೊಟ್ಟೆಯಿಂದ ಇನ್ನೂ ಪೂರ್ತಿ ಹೋಗ್ಲಿಲ್ಲ" ಎಂದಳು.

ಹೋಗಿಲ್ಲ, ನಿಜ.

ಶಕುಂತಲಾ ನರ್ಸು. ಅವಳ ಓದಿನ ಬಲದಿಂದಲೇ ನಮಗೆ ಆಸ್ಟ್ರೇಲಿಯಾದಲ್ಲಿ ನೆಲೆಸುವ ಪಿಆರ್ ಸಿಕ್ಕಿದ್ದು. ಮೆಲ್ಬರ್ನಿಗೆ ಬಂದು ಬಾಕ್ಸ್ ಹಿಲ್ಲಿನಲ್ಲಿ, ಅವಳ ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಸಣ್ಣ ಯೂನಿಟ್ ಮನೆ ಹಿಡಿದೆವು. ಅವಳು ಕೆಲಸಕ್ಕೆ ಹೋದ ಮೇಲೆ ನಾನು ಊರಿಡೀ ಅಲೆದೆ. ಎಲ್ಲರೂ ಕೇಳುವುದು ಒಂದೇ: ಸರ್ಟಿಫಿಕೇಟ್. ನನ್ನ ಸರ್ಟಿಫಿಕೇಟ್ ನನ್ನ ಮೂಗಿನಲ್ಲಿದೆ ಎಂದು ಯಾರಿಗೆ ಹೇಳುವುದು? ಆ ಮಾತಿಗೆ ಕಿವಿಗೊಟ್ಟವರು ಶೇಖರಣ್ಣ ಒಬ್ಬರೇ. ಪಡುಬಿದ್ರೆಯವರು, ನಮ್ಮವರೇ. ಫ್ರೋಝನ್ ಸೀಗಡಿ ತರಿಸಿ ಹೋಟೆಲು, ಕೇಟರಿಂಗಿನವರಿಗೆ ಮಾರುವ ಕಂಪನಿ ಇಟ್ಟಿದ್ದರು. ಮೊದಲ ದಿನವೇ ನನ್ನ ಮುಂದೆ ಐದು ಬಟ್ಟಲು ಇಟ್ಟರು. ಮೂರನೆಯದು ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದು ಎಂದೆ. "ಭಲೇ! ನಾಳೆಯಿಂದ ಬಾ" ಎಂದರು. ಆ ಉಪಕಾರವನ್ನು ನಾನು ಮರೆತಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಕಂಪನಿಯ ಆಫೀಸು ಸಿಡ್ನಿಯ ನಾರ್ವೆಸ್ಟಿನಲ್ಲಿ. ಅಲ್ಲಿ ಗಾಜಿನ ಗೋಡೆ, ಕಾಫಿ ಮೆಷಿನ್ನು, ಸೋಫಾ, ನಾಲ್ಕು ಜನ ಶರ್ಟು ಹಾಕಿದವರು. ಮೆಲ್ಬರ್ನಿನಲ್ಲಿ ಕೋಲ್ಡ್ ಸ್ಟೋರು. ಅಲ್ಲಿ ನಾನು, ಮತ್ತು ಫೋರ್ಕ್‌ಲಿಫ್ಟ್ ಓಡಿಸುವ ಇಬ್ಬರು. ಶೇಖರಣ್ಣ ವಾರಕ್ಕೊಮ್ಮೆ ವಿಮಾನದಲ್ಲಿ ಬಂದು ಹೋಗುತ್ತಿದ್ದರು. ಮಾಲು ಬಂದರೆ ಅಲ್ಲಲ್ಲಿ ಪೆಟ್ಟಿಗೆ ಒಡೆದು, ಒಂದು ಹಿಡಿ ಕರಗಿಸಿ, ಬಣ್ಣ ನೋಡಿ, ಬೆರಳು ಮೂಸಿ, ಗ್ರೇಡಿಂಗ್ ಶೀಟಿನ ಕೆಳಗೆ ನಾನು ಸೈನ್ ಹಾಕಬೇಕು. ಸೈನ್ ಇಲ್ಲದೆ ಒಂದು ಪೆಟ್ಟಿಗೆಯೂ ಹೊರಗೆ ಹೋಗುವ ಹಾಗಿಲ್ಲ. ನಾನು ಕನ್ನಡದಲ್ಲೇ ಸೈನ್ ಹಾಕುತ್ತಿದ್ದೆ. ನಾರಾಯಣ. ಕೊನೆಯ ಣಕಾರದ ಬಾಲವನ್ನು ಸ್ವಲ್ಪ ಉದ್ದ ಎಳೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಬರೆದರೆ ಅಕ್ಷರ ಸೊಟ್ಟ ಬರುತ್ತದೆ, ಮಾಸ್ಟ್ರ ನೆನಪಾಗುತ್ತದೆ. ನಾರ್ವೆಸ್ಟಿನಲ್ಲಿ ಯಾರೋ ಒಬ್ಬಳು ನನ್ನ ಸೈನನ್ನು ನೋಡಿ "ಬ್ಯೂಟಿಫುಲ್, ಚಿತ್ರದ ಹಾಗಿದೆ" ಎಂದಳಂತೆ. ಕೇಳಿ ನಾನು ಉಬ್ಬಿದೆ. ಅವಳು ಅದನ್ನು ಅಕ್ಷರವೆಂದೇ ಎಣಿಸಿಲ್ಲ, ಚಿತ್ರವೆಂದು ಎಣಿಸಿದ್ದಾಳೆ ಎನ್ನುವುದು ಆಗ ತಲೆಗೆ ಹೋಗಲಿಲ್ಲ.

ಎರಡು ಸಾವಿರದ ಹದಿಮೂರರ ಚಳಿಗಾಲದಲ್ಲಿ, ಇಲ್ಲಿನ ಚಳಿಗಾಲವೆಂದರೆ ಜುಲೈ, ವಸುಧಾ ಮೆಲ್ಬರ್ನಿಗೆ ಬಂದಳು. ಮೈಸೂರಿನವಳು, ಆಹಾರದ ವಿಜ್ಞಾನ ಓದಿದವಳು, ನಾರ್ವೆಸ್ಟ್ ಆಫೀಸಿಗೆ ಹೊಸದಾಗಿ ಸೇರಿದ್ದಳು. ಫ್ರೋಝನ್ ಸೀಗಡಿಗೆ ವಿಕಿರಣ ಹಾಯಿಸುವ ಒಂದು ಟ್ರಯಲ್ಲು ಅವಳ ಕೆಲಸ. ವಿಕಿರಣ ಎಂದ ಕೂಡಲೇ ನಾನು ಹಿಂದೆ ಸರಿದೆ.

"ಅಂಕಲ್, ಎಕ್ಸ್‌-ರೇ ತೆಗೆಸಿಕೊಂಡವರು ಮನೆಗೆ ಬಂದು ಬಲ್ಬ್ ತರ ಉರೀತಾರಾ?" ಎಂದಳು.

"ಇಲ್ಲ."

"ಹಾಗೇ ಇದೂನೂ. ಕಿರಣ ಒಳಗೆ ಹೋಗುತ್ತೆ, ಬ್ಯಾಕ್ಟೀರಿಯಾ ಸಾಯಿಸುತ್ತೆ, ಆಚೆ ಹೋಗುತ್ತೆ. ಸೀಗಡಿಯಲ್ಲಿ ಏನೂ ಉಳಿಯಲ್ಲ. ಬಿಸೀನೂ ಆಗಲ್ಲ. ಫ್ರೋಝನ್ ಆಗಿದ್ದದ್ದು ಫ್ರೋಝನ್ ಆಗೇ ವಾಪಸ್ ಬರುತ್ತೆ. ಬೇಯಿಸದೆ ಕ್ರಿಮಿ ಕೊಲ್ಲೋಕೆ ಇದಕ್ಕಿಂತ ನೀಟಾದ ದಾರಿ ಹೇಳಿ ನೋಡೋಣ."

ನನ್ನನ್ನು ಆ ಪ್ಲಾಂಟಿಗೂ ಕರೆದುಕೊಂಡು ಹೋದಳು. ಆಸ್ಪತ್ರೆಯ ಗ್ಲೌಸು, ಸಿರಿಂಜು ಎಲ್ಲ ಶುದ್ಧವಾಗುವುದು ಅಲ್ಲಿಯೇ. ಕಾಂಕ್ರೀಟಿನ ಗೋಡೆ ಎಷ್ಟು ದಪ್ಪವೆಂದರೆ ಅದರೊಳಗೆ ನಮ್ಮ ಯೂನಿಟ್ಟಿನ ಬೆಡ್‌ರೂಮು ಕೂರುತ್ತದೆ. ಒಳಗೆ ಹೋಗುವ ಹಾಗಿಲ್ಲ. ಹೊರಗೆ ಒಂದು ನಕ್ಷೆ ಇತ್ತು. ನಡುವೆ ಆ ಕಿರಣ ಬಿಡುವ ಲೋಹ, ಅದರ ಸುತ್ತ ಪೆಟ್ಟಿಗೆಗಳು ಸಾಲಾಗಿ ನಿಧಾನಕ್ಕೆ ಸುತ್ತಿ ಇನ್ನೊಂದು ಬಾಗಿಲಿನಿಂದ ಹೊರಗೆ ಬರುತ್ತವೆ.

"ಗರ್ಭಗುಡಿಗೆ ಪ್ರದಕ್ಷಿಣೆ ಹಾಕಿದ ಹಾಗೆ" ಎಂದೆ.

ವಸುಧಾ ಅಲ್ಲಿನ ಬಿಳಿಯರ ಮುಂದೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ಕಂಪನಿಯಲ್ಲಿ ಅದಕ್ಕೆ ಅದೇ ಹೆಸರು. ಶೇಖರಣ್ಣನೂ ಫೋನಿನಲ್ಲಿ, "ಹೇ ನಾರಾಯಣ, ಪ್ರದಕ್ಷಿಣೆ ಆಯ್ತಾ?" ಎಂದು ಕೇಳತೊಡಗಿದರು. ಆ ಪದವನ್ನು ಅವರ ಬಾಯಿಗೆ ಹಾಕಿದವನು ನಾನು. ಈಗ ದೇವಸ್ಥಾನದಲ್ಲಿ ಸುತ್ತು ಹಾಕುವಾಗಲೂ ಅದು ನೆನಪಾಗಿ ಮನಸ್ಸು ಕೆಡುತ್ತದೆ.

ಟ್ರಯಲ್ಲಿಗೆ ಸೀಗಡಿ ಆರಿಸಿದ್ದು ನಾನೇ. ವಸುಧಾ ಅತ್ಯುತ್ತಮವಾದದ್ದೇ ಬೇಕು ಎಂದಿದ್ದಳು. ಗಾಳಿ ತೆಗೆದು ಪ್ಯಾಕ್ ಮಾಡಿ, ಕರಗದಂತೆ ಕಳಿಸಿ, ಕರಗದಂತೆ ತರಿಸಿದೆವು. ಆಮೇಲೆ ಮೂರು ಬಟ್ಟಲು ಇಟ್ಟು, ಯಾವುದು ಯಾವುದೆಂದು ಹೇಳದೆ, ನನ್ನ ಮೂಗನ್ನು ಪರೀಕ್ಷೆಗೆ ಕೂರಿಸಿದಳು. ಮೊದಲನೆಯದು ಕಿರಣ ಹಾಯಿಸದೆ ಹಾಗೆಯೇ ಇಟ್ಟದ್ದು. ಎರಡನೆಯದರಲ್ಲಿ ಏನೋ ಒಂದು ಸಣ್ಣ ಬೇರೆತನ, ಬೇಯಿಸಿದ ಮೇಲೆ ಅದೂ ಹೋಯಿತು, ರುಚಿ ಸರಿಯಾಗಿಯೇ ಇತ್ತು. ಮೂರನೆಯದನ್ನು ಮುಟ್ಟಿ ಬೆರಳು ಮೂಸಿದವನು ಮುಖ ತಿರುಗಿಸಿದೆ.

"ಇದರಲ್ಲಿ ಯಾರದೋ ಕೂದಲು ಸೀದಿದೆ."

"ಸೂಪರ್ ಅಂಕಲ್!" ವಸುಧಾ ಬರೆದುಕೊಂಡಳು. "ಅದಕ್ಕೆ ಬೇಕಂತಲೇ ಡೋಸ್ ಜಾಸ್ತಿ ಕೊಟ್ಟಿದ್ದೆ. ಲ್ಯಾಬಿಗಿಂತ ನಿಮ್ಮ ಮೂಗು ಫಾಸ್ಟು."

ಹೊರಡುವಾಗ ಅವಳು ಹೇಳಿದ್ದು ಇವತ್ತಿಗೂ ಮಾತು ಮಾತಾಗಿ ನೆನಪಿದೆ. "ಎರಡು ವಿಷಯ ಅಂಕಲ್. ಇದು ಒಳ್ಳೇ ಸೀಗಡೀನ ಸೇಫ್ ಮಾಡುತ್ತೆ, ಕೆಟ್ಟಿದ್ದನ್ನ ಒಳ್ಳೇದು ಮಾಡಲ್ಲ. ಇನ್ನೊಂದು, ಈ ದೇಶದಲ್ಲಿ ಮಸಾಲೆಗೆ, ಕೆಲವು ಹಣ್ಣಿಗೆ ಪರ್ಮಿಶನ್ ಇದೆ, ಸೀಫುಡ್‌ಗೆ ಇಲ್ಲ. ಇಲ್ಲಿ ಯಾರಿಗೂ ತಿನ್ನೋಕೆ ಮಾರೋ ಹಾಗಿಲ್ಲ. ಪರ್ಮಿಶನ್ ಇರೋ ಬೇರೆ ದೇಶದ ಬೈಯರ್‌ಗೆ ತೋರಿಸೋಕೆ ಮಾತ್ರ ಈ ಟ್ರಯಲ್." ಶೇಖರಣ್ಣ ಪಕ್ಕದಲ್ಲೇ ನಿಂತಿದ್ದರು. ತಲೆಯನ್ನೂ ಆಡಿಸಿದರು. ಆದರೆ ಅವರ ಕಿವಿಗೆ ಬಿದ್ದದ್ದು "ಕ್ರಿಮಿ ಸಾಯುತ್ತದೆ" ಎನ್ನುವಷ್ಟೇ.

ನವೆಂಬರಿನ ಮೊದಲ ಮಂಗಳವಾರ ಮೆಲ್ಬರ್ನಿನಲ್ಲಿ ಕುದುರೆ ರೇಸಿಗೆ ರಜೆ. ಹೆಂಗಸರು ತಲೆಯ ಮೇಲೆ ಹೂಕುಂಡದಂಥ ಟೋಪಿ ಇಟ್ಟುಕೊಂಡು ಟ್ರೇನು ಹತ್ತುವ ದಿನ. ಸೋಮವಾರವನ್ನೂ ಸೇರಿಸಿ ಶೇಖರಣ್ಣ ನಾಲ್ಕು ದಿನ ಬಾಗಿಲು ಹಾಕಿಸಿದರು. ಬುಧವಾರ ಬೆಳಿಗ್ಗೆ ನಾನು ಬರುವಾಗ ಎರಡನೇ ಕೋಣೆಯ ಮುಂದೆ ನೆಲ ಒದ್ದೆಯಾಗಿತ್ತು, ಯಾರೋ ಆಗಲೇ ಒರೆಸಿದ್ದರು. ಮೆಷಿನ್ನು ಓಡುತ್ತಿತ್ತು. ಶೇಖರಣ್ಣ ಒಳಗೆ ನಿಂತಿದ್ದರು. ಬುಧವಾರ ಅವರು ಬರುವ ದಿನವಲ್ಲ.

"ಸಣ್ಣ ರಿಪೇರಿ ಇತ್ತು ಮಾರಾಯ. ಸರಿಯಾಯ್ತು."

ಹಲಗೆಗಳ ಮೇಲೆ ಪೇರಿಸಿದ್ದ ಹನ್ನೊಂದು ಪ್ಯಾಲೆಟ್ಟು ಮಾಲಿನಿಂದ ನಾನು ಒಂದು ಪೆಟ್ಟಿಗೆ ಎತ್ತಿದೆ. ಅಡಿ ಮೆತ್ತಗಾಗಿತ್ತು. ಒಡೆದರೆ, ಒಂದೊಂದಾಗಿ ಬಿಡಿಬಿಡಿಯಾಗಿ ಇರಬೇಕಾದ ಸೀಗಡಿ ತಳದಲ್ಲಿ ಒಂದೇ ಗಡ್ಡೆಯಾಗಿತ್ತು, ಮಂಜು ಹಳದಿಯಾಗಿತ್ತು. ಮೆಷಿನ್ನು ನಿಂತಿದೆ, ಬಾಗಿಲು ಸರಿಯಾಗಿ ಕೂತಿಲ್ಲ, ನಾಲ್ಕು ದಿನದ ಬಿಸಿಗಾಳಿ ಒಳಗೆ ನುಗ್ಗಿದೆ, ಮಾಲು ಕರಗಿದೆ, ಕೊಳೆಯಲು ಹಿಡಿದಿದೆ, ಆಮೇಲೆ ಮತ್ತೆ ಗಟ್ಟಿಯಾಗಿದೆ. ಒಂದು ಹಿಡಿ ತೆಗೆದು ಬಿಸಿನೀರಿನ ಪಾತ್ರೆಯ ಮೇಲೆ ಹಿಡಿದು ಬೆರಳು ಮೂಸಿದೆ. ಪಾಯಿಖಾನೆಯ ಖಾರ ವಾಸನೆ ನೇರ ಕಣ್ಣಿಗೆ ಹೊಡೆಯಿತು.

"ಹನ್ನೊಂದು ಪ್ಯಾಲೆಟ್ಟೂ ತಿಪ್ಪೆಗೆ, ಶೇಖರಣ್ಣ."

"ನೋಡುವ" ಎಂದರು.

ನೋಡಿದ್ದು ಹೀಗೆ. ಒಂದು ವಾರದಲ್ಲಿ ಆ ಹನ್ನೊಂದು ಪ್ಯಾಲೆಟ್ಟುಗಳು ಲಾರಿ ಹತ್ತಿ ಕಿರಣದ ಪ್ಲಾಂಟಿಗೆ ಹೊರಟವು. ಕಾಗದದಲ್ಲಿ 'ಗಾಳಕ್ಕೆ ಸಿಕ್ಕಿಸುವ ಸೀಗಡಿ' ಎಂದಿತ್ತು. ಹವ್ಯಾಸಕ್ಕೆ ಮೀನು ಹಿಡಿಯುವವರಿಗೆ ಮಾರುವ ಸೀಗಡಿಯನ್ನು ಆ ಪ್ಲಾಂಟಿನಲ್ಲಿ ಶುದ್ಧ ಮಾಡುವುದು ಇಲ್ಲಿ ತಪ್ಪಲ್ಲ. ಅದನ್ನು ಮನುಷ್ಯರು ತಿನ್ನುವುದಿಲ್ಲವಲ್ಲ, ಹಾಗಾಗಿ ಡೋಸು ಬಹಳ ಹೆಚ್ಚು. ಪ್ಲಾಂಟಿನವರ ತಪ್ಪು ಏನೂ ಇಲ್ಲ. ಅವರು ಕಾಗದ ನೋಡಿದರು, ಗಾಳದ ಮಾಲೆಂದು ನಂಬಿದರು, ಸುತ್ತು ಹಾಕಿಸಿ ವಾಪಸು ಕೊಟ್ಟರು. ನನಗೂ ಒಳಗೊಳಗೆ ಸಮಾಧಾನ. ಹೋಗಲಿ, ಕೊಳೆತದ್ದು ಕಡೆಗೆ ಮೀನಿನ ಬಾಯಿಗೆ ಹೋಗುತ್ತದೆ ಎಂದುಕೊಂಡೆ.

ಡಿಸೆಂಬರಿನ ಎರಡನೇ ವಾರ ನಾನು ಕೆಲಸಕ್ಕೆ ಬರುವಾಗ ಆ ಮಾಲು ಹೊಸ ಬಿಳಿ ಪೆಟ್ಟಿಗೆಗಳಲ್ಲಿ ಕೂತಿತ್ತು. ಗಾಳದ ಮಾತೇ ಇಲ್ಲ. ಪೆಟ್ಟಿಗೆಯ ಮೇಲೆ ನೀಲಿ ಸಮುದ್ರ, ಒಂದು ದೋಣಿ, 'ಪ್ರೀಮಿಯಂ' ಎಂಬ ಪದ. ಮುಂದೆ ಗ್ರೇಡಿಂಗ್ ಶೀಟು. ಶೇಖರಣ್ಣ ಪೆನ್ನು ಹಿಡಿದು ನಿಂತಿದ್ದರು.

ಪೆಟ್ಟಿಗೆ ಒಡೆದೆ. ಈ ಸಲ ಬೆರಳು ಮೂಸುವ ಅಗತ್ಯವೇ ಬೀಳಲಿಲ್ಲ. ಪಾಯಿಖಾನೆಯ ವಾಸನೆ ಎಲ್ಲಿಗೂ ಹೋಗಿರಲಿಲ್ಲ. ಅದರ ಮೇಲೆ ಸೀದ ಕೂದಲಿನ ವಾಸನೆ ಇನ್ನೊಂದು ಪದರವಾಗಿ ಕೂತಿತ್ತು. ಸ್ಮಶಾನದಲ್ಲಿ ಕಕ್ಕಸು ಕಟ್ಟಿದ ಹಾಗೆ.

"ಶೇಖರಣ್ಣ, ಇದು..."

"ಲ್ಯಾಬ್ ರಿಪೋರ್ಟ್ ನೋಡು" ಎಂದು ಒಂದು ಹಾಳೆ ಮುಂದೆ ಹಿಡಿದರು. "ಕ್ರಿಮಿ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಆಸ್ಪತ್ರೆಯ ಸಿರಿಂಜಿನಷ್ಟು ಕ್ಲೀನು. ನಿನ್ನ ಮನೆಯ ಸಾರಿನ ಪಾತ್ರೆಯೂ ಇಷ್ಟು ಕ್ಲೀನ್ ಇರ್ಲಿಕ್ಕಿಲ್ಲ."

"ಕ್ಲೀನ್ ಇರಬಹುದು. ನಾರ್ತದೆ."

"ಖಾರ ಮಸಾಲೆಗೆ ಬಿದ್ದರೆ ಯಾವ ಮೂಗಿಗೆ ಗೊತ್ತಾಗ್ತದೆ? ಎಲ್ಲ ಸಿಡ್ನಿಗೆ ಹೋಗುದು. ಕ್ರಿಸ್ಮಸ್ ಆರ್ಡರು. ಮೊದಲ ಪೆಟ್ಟಿಗೆಗಳು ರೌಸ್ ಹಿಲ್ಲಿನಲ್ಲಿ ಕೇಟರಿಂಗ್ ಮಾಡುವ ಲಿಲ್ಲಿಬಾಯಿಗೆ. ಮುನ್ನೂರು ಊಟ ಉಂಟಂತೆ, ನಮ್ಮೂರಿನವರೇ ಎಲ್ಲ."

"ನಮ್ಮೂರಿನವರೇ?"

"ಹೌದು. ಅವರೇ ಸೀಗಡಿ ಸೀಗಡಿ ಅಂತ ಸಾಯುದು."

"ನಾನು ಸೈನ್ ಹಾಕುದಿಲ್ಲ ಶೇಖರಣ್ಣ. ವಸುಧಾ ಅವತ್ತೇ ಹೇಳಿದ್ದಾಳೆ, ಕೆಟ್ಟದ್ದು ಇದರಿಂದ..."

ಅವರು ನಕ್ಕರು. ಸಿಟ್ಟಿನಲ್ಲಿ ಬೈದಿದ್ದರೆ ಸಹಿಸುತ್ತಿದ್ದೆ. "ಅವಳು ಎಮ್ಮೆಸ್ಸಿ ಮಾರಾಯ. ಲ್ಯಾಬಿನವರು ಡಾಕ್ಟರೇಟು. ನಿನ್ನ ಮೂಗು ಯಾವ ಯೂನಿವರ್ಸಿಟಿದು? ಎಂಟನೇ ಕ್ಲಾಸಾ, ಅದೂ ಅರ್ಧವಾ?"

ನನಗೆ ಎರಡು ಬೆರಳಿನಲ್ಲಿ ಎತ್ತಿ ಹಿಡಿದ ಪುಸ್ತಕ ಕಂಡಿತು. ಪೆನ್ನು ಕಿತ್ತುಕೊಂಡು, ಸೈನ್ ಹಾಕುವ ಜಾಗದಲ್ಲಿ, ದಪ್ಪಗೆ ಬರೆದೆ: ನಾರುತ್ತದೆ. ಬರೆದು ಹಾಳೆಯನ್ನು ಅವರ ಎದೆಗೆ ತಳ್ಳಿದೆ. ಓದಲಿ, ನಾಚಿಕೆಯಾಗಲಿ, ಹರಿದು ಹಾಕಲಿ ಎಂಬುದು ನನ್ನ ಲೆಕ್ಕ.

ಶೇಖರಣ್ಣ ಓದಿದರು. ಅವರು ಕನ್ನಡ ಶಾಲೆಯಲ್ಲಿ ಕಲಿತವರು, ಪೂರ್ತಿ ಓದಿದರು. ಆಮೇಲೆ ಹಾಳೆಯನ್ನು ನೀಟಾಗಿ ಮಡಚಿ ಫೈಲಿಗೆ ಹಾಕಿಕೊಂಡು, "ನಿನ್ನ ಸೈನು ಇವತ್ತು ಭಾರೀ ಚೆಂದ ಬಂದಿದೆ, ನಾರಾಯಣ" ಎಂದು ಹೊರಟರು.

ಏನಾಯಿತೆಂದು ತಿಳಿಯಲು ನನಗೆ ಒಂದು ನಿಮಿಷ ಬೇಕಾಯಿತು. ನಾರ್ವೆಸ್ಟಿನಲ್ಲಿ ಶೀಟು ನೋಡುವವರಿಗೆ ಕನ್ನಡ ಎಲ್ಲಿ ಬರುತ್ತದೆ? ವಸುಧಾಳ ಮೇಜಿಗೆ ಅದು ಹೋಗುವುದೇ ಇಲ್ಲ. ನಾರಾಯಣವೂ ನಾ ದಿಂದ ಶುರು, ನಾರುತ್ತದೆಯೂ ನಾ ದಿಂದ ಶುರು. ಎರಡೂ ಅವರಿಗೆ ಒಂದೇ ಸುರುಳಿ ಚಿತ್ರ. ಅಕ್ಷರ ಇದ್ದ ಜಾಗದಲ್ಲಿ ಅಕ್ಷರ ಇದೆ. ಮಾಲು ಪಾಸು.

ಆಗಲೇ ಫೋನೆತ್ತಿ ನಾರ್ವೆಸ್ಟಿಗೆ ಹೇಳಬಹುದಿತ್ತು. ಹೇಳಲಿಲ್ಲ. ಬರೆದದ್ದು ಬರೆದಿದ್ದೇನೆ, ಸುಳ್ಳು ಬರೆದಿಲ್ಲ ಎಂದು ಒಂದು ಕೊಬ್ಬು. ಕೆಲಸ ಹೋದರೆ ಮತ್ತೆ ಸರ್ಟಿಫಿಕೇಟಿಲ್ಲದ ಮೂಗು ಹಿಡಿದು ಬೀದಿ ಅಲೆಯಬೇಕೆಂಬ ಹೆದರಿಕೆ. ಎರಡೂ ಸೇರಿ ನನ್ನ ಬಾಯಿ ಮುಚ್ಚಿಸಿದವು. ಲಾರಿ ಮಧ್ಯಾಹ್ನ ಹೊರಟಿತು. ಮೊದಲ ನಾಲ್ಕು ಪೆಟ್ಟಿಗೆ ಲಿಲ್ಲಿಬಾಯಿಯ ಅಡುಗೆಮನೆಗೆ, ಉಳಿದದ್ದು ಸಿಡ್ನಿಯ ಗೋದಾಮಿಗೆ.

ಮರುದಿನ ಮಧ್ಯಾಹ್ನ ವಸುಧಾಳ ಫೋನು. ನಗುತ್ತಿದ್ದಳು.

"ಅಂಕಲ್, ನಿಮ್ಮ ಹೆಸರು ಬದಲಾಯಿಸಿಕೊಂಡ್ರಾ? ಫೈಲ್ ಮಾಡೋಳು ಇವತ್ತು ರಜ, ಲಿಲ್ಲಿ ಆಂಟಿ ಆರ್ಡರ್ ನಾನೇ ಫೈಲ್ ಮಾಡ್ತಿದ್ದೆ. 'ನಾರುತ್ತದೆ' ಅಂತ ಸೈನ್ ಮಾಡಿದ್ದೀರಲ್ರೀ!"

"ಅದು ಸೈನಲ್ಲ, ವಸುಧಾ" ಎಂದೆ.

ನಗು ನಿಂತಿತು. "ಅಂಕಲ್? ಇದು ಯಾವ ಮಾಲು?"

ಹೇಳಿದೆ. ಒದ್ದೆ ನೆಲದಿಂದ ಬಿಳಿ ಪೆಟ್ಟಿಗೆಯವರೆಗೆ ಎಲ್ಲ ಹೇಳಿದೆ. ಕೊನೆಗೆ, "ಥೂ" ಎಂದಳು, ಅಷ್ಟೇ. ಆಮೇಲೆ ಮೆಲ್ಲಗೆ, "ಕ್ರಿಮಿ ಸತ್ತಿರುತ್ತೆ ಅಂಕಲ್, ಆದ್ರೆ ಸಾಯೋಕೆ ಮುಂಚೆ ಅವು ಮಾಡಿಟ್ಟ ಗಲೀಜು ಎಲ್ಲಿಗೂ ಹೋಗಿರಲ್ಲ. ಅದು ಹೊಟ್ಟೆ ಕೆಡಿಸೋಕೆ ಕ್ರಿಮಿ ಬದುಕಿರಬೇಕು ಅಂತಿಲ್ಲ. ಮಾಲು ನಾನು ನೋಡಿಲ್ಲ, ನೀವು ನೋಡಿದ್ದೀರಿ. ನೀವೇ ಇಂಗ್ಲಿಷಲ್ಲಿ ಬರೆದು ಕೊಡಿ. ಇವತ್ತೇ. ಗೋದಾಮಲ್ಲಿ ಇರೋದನ್ನ ನಾನು ತಡೀತೀನಿ. ಲಿಲ್ಲಿ ಆಂಟಿ ಫೋನ್ ಎತ್ತುತ್ತಿಲ್ಲ. ನಾಳೆ ಅಡುಗೆ" ಎಂದಳು.

ಸಂಜೆ ಶಕುಂತಲಾ ಡ್ಯೂಟಿ ಮುಗಿಸಿ ಯೂನಿಫಾರಮ್ಮಿನಲ್ಲೇ ಕುರ್ಚಿಗೆ ಕುಸಿದಿದ್ದಳು. ಅವಳ ಮುಂದೆ ಒಂದು ಬಿಳಿ ಹಾಳೆ ಇಟ್ಟೆ. ಎಲ್ಲ ಹೇಳಿದೆ. ಲ್ಯಾಬಿನ ಸೊನ್ನೆಯ ವಿಷಯವನ್ನೂ ಹೇಳಿದೆ.

"ಹೆಣಕ್ಕೆ ಡೆಟಾಲ್ ಹಾಕಿ ಸ್ನಾನ ಮಾಡಿಸಿದ್ರೆ ಅದು ಎದ್ದು ಕೂರ್ತದಾ?" ಎಂದಳು ನನ್ನ ಹೆಂಡತಿ. "ಎಂತ ಹೇಸಿಗೆ ಜನ ಇವರು! ನೀವು ಮತ್ತೆ ನಿನ್ನೆ ಯಾಕೆ ಬಾಯಿ ಮುಚ್ಚಿಕೊಂಡು ಬಂದ್ರಿ?"

"ಬರೆದಿದ್ದೇನಲ್ಲ."

"ಯಾರು ಓದ್ಲಿಕ್ಕೆ?"

ನಾನು ಪೆನ್ನು ಕೈಗೆ ತೆಗೆದುಕೊಂಡೆ. ಅವಳು ಒಂದೊಂದೇ ಪದ ಹೇಳಿದಳು, ನಾನು ಒಂದೊಂದೇ ಅಕ್ಷರ ಬರೆದೆ. ನೀನೇ ಬರೆ ಎಂದರೆ ಕೇಳಲಿಲ್ಲ. "ಕೈ ನಿಮ್ಮದೇ ಇರಲಿ" ಎಂದಳು. 'ಕೊಳೆತ' ಎನ್ನುವುದರ ಇಂಗ್ಲಿಷ್ ಪದ 'ರಾಟನ್'ಗೆ ಎರಡು ಟೀ ಬರುತ್ತದೆ ಎಂದು ನಾನು ಕಲಿತದ್ದು ನಲವತ್ತಮೂರನೇ ವಯಸ್ಸಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ. ಬರೆದು ಮುಗಿಸುವಾಗ ಐದು ಹಾಳೆ ಹಾಳಾಗಿತ್ತು. ಫೋಟೋ ತೆಗೆದು ವಸುಧಾಗೆ ಕಳಿಸಿದೆವು. ಬೆಳಗಿನ ಮೊದಲ ವಿಮಾನಕ್ಕೆ ಶಕುಂತಲಾ ಟಿಕೆಟ್ ಬುಕ್ ಮಾಡಿದಳು.

ಲಿಲ್ಲಿಬಾಯಿ ಶಿರ್ವದ ಕಡೆಯವಳು, ಮನೆಯಲ್ಲಿ ಕೊಂಕಣಿ. ರೌಸ್ ಹಿಲ್ಲಿನ ಮನೆಯ ಗ್ಯಾರೇಜನ್ನು ಕೌನ್ಸಿಲ್ಲಿನ ಪರ್ಮಿಶನ್ ತೆಗೆದುಕೊಂಡು ಅಡುಗೆಮನೆ ಮಾಡಿಸಿದ್ದಳು. ಸ್ಟೀಲಿನ ಮೇಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಹೋಗುವಷ್ಟರಲ್ಲಿ ಗ್ಯಾರೇಜಿನ ಬಾಗಿಲು ಪೂರ್ತಿ ಎತ್ತಿತ್ತು, ಎರಡು ಫ್ಯಾನು ಹೊರಗೆ ಮುಖ ಮಾಡಿ ತಿರುಗುತ್ತಿದ್ದವು. ಆ ವಾಸನೆ ಡ್ರೈವ್‌ವೇಯಲ್ಲೇ ನನ್ನನ್ನು ಎದುರುಗೊಂಡಿತು.

ಅವಳು ಬೆಳಿಗ್ಗೆಯೇ ಒಂದು ಪೆಟ್ಟಿಗೆ ಕರಗಿಸಿ, ಅರಿಶಿನ ಉಪ್ಪು ಹಾಕಿ, ಒಂದು ಹಿಡಿಯನ್ನು ಕಾವಲಿಗೆ ಹಾಕಿ ನೋಡಿದ್ದಳು. ಬಿಸಿ ತಾಗಿದ ಮೇಲೆ ಕೇಳುವುದೇ ಬೇಡ. ಆ ಕಾವಲಿಯನ್ನು ಅಂಗಳದ ಹುಲ್ಲಿನ ಮೇಲೆ ಎಸೆದಿದ್ದಳು. ಅಲ್ಲಿ ನೊಣ ಮುತ್ತಿತ್ತು.

"ಯಾರು ನೀನು?" ಎಂದಳು, ಮೂಗಿಗೆ ಸೆರಗಿನ ಹಾಗೆ ಟವೆಲು ಕಟ್ಟಿಕೊಂಡು.

"ನಾರಾಯಣ. ಮೆಲ್ಬರ್ನ್ ಕೋಲ್ಡ್ ಸ್ಟೋರಿನ ಗ್ರೇಡರು. ಬಾಯಿ, ಆ ಸೀಗಡಿ ಮುಟ್ಟಬೇಡಿ ಅಂತ ಹೇಳ್ಲಿಕ್ಕೆ ಬಂದೆ."

"ಓ! ಮುಟ್ಟಬೇಡಿ ಅಂತಾ? ಭಾರೀ ಬೇಗ ಬಂದೆ ಮಾರಾಯಾ!" ಅವಳು ಒಳಗೆ ಹೋಗಿ ಒಂದು ಕಾಗದ ತಂದಳು. ಲಾರಿಯ ಜೊತೆ ಬಂದ ಗ್ರೇಡಿಂಗ್ ಶೀಟಿನ ನಕಲು. "ಇದು ನಿನ್ನ ಕೈಯಾ?"

"ಹೌದು ಬಾಯಿ. ನೋಡಿ, ನಾನು ಪಾಸು ಮಾಡ್ಲಿಲ್ಲ. ಸರಿಯಾಗಿ ಬರೆದಿದ್ದೇನೆ..."

"ಗೊತ್ತುಂಟು. ನಾನೂ ಕನ್ನಡ ಶಾಲೆಯವಳೇ." ಅವಳು ಬೆರಳಿಟ್ಟು ಓದಿದಳು, ಮಕ್ಕಳಿಗೆ ಹೇಳಿಕೊಡುವ ಹಾಗೆ ಬಿಡಿಸಿ ಬಿಡಿಸಿ. "ನಾ-ರು-ತ್ತ-ದೆ." ಆಮೇಲೆ ನನ್ನ ಮುಖ ನೋಡಿದಳು. "ಅಂದ್ರೆ ನಿನಗೆ ಗೊತ್ತಿತ್ತು."

ನಾನು ಆ ಕಾಗದವನ್ನು ನನ್ನ ಸಾಕ್ಷಿ ಎಂದುಕೊಂಡು ಬಂದಿದ್ದೆ.

"ಆ ಶೇಖರನಿಗೆ ದುಡ್ಡಿನ ಹುಚ್ಚು, ನಾಯಿ ಎಲುಬು ಕಚ್ಚಿದ ಹಾಗೆ, ಅದು ಊರಿಗೇ ಗೊತ್ತು" ಎಂದಳು ಲಿಲ್ಲಿಬಾಯಿ. "ಲ್ಯಾಬಿನವನಿಗೆ ಮೂಗಿಲ್ಲ, ಮೆಷಿನ್ನಿಗೆ ಮೂಗಿಲ್ಲ. ಇಡೀ ಆ ಕಂಪನಿಯಲ್ಲಿ ಮೂಗು ಇದ್ದದ್ದು ನಿನಗೊಬ್ಬನಿಗೆ. ಮೂಸಿ, ಗೊತ್ತಾಗಿ, ಚೆಂದ ಅಕ್ಷರದಲ್ಲಿ ಬರೆದು, ಲಾರಿ ಹತ್ತಿಸಿದ್ಯಲ್ಲ! ಇವತ್ತು ನನ್ನ ಮೂಗು ಕಟ್ಟಿದ್ರೆ? ಶೀತ ಆಗಿದ್ರೆ? ಮುನ್ನೂರು ಜನ, ಮಕ್ಕಳು, ಮುದುಕರು... ಯಾ ದೇವಾ."

ಅವಳು ಒಂದು ಜೊತೆ ಗ್ಲೌಸು ನನ್ನ ಕಡೆ ಎಸೆದಳು. ನಾಲ್ಕೂ ಪೆಟ್ಟಿಗೆಯನ್ನು ಕಪ್ಪು ಚೀಲದಲ್ಲಿ ಕಟ್ಟಿದೆ. ಪಾತ್ರೆ ತೊಳೆದೆ, ಮೇಜು ತೊಳೆದೆ, ನೆಲ ತೊಳೆದೆ, ಮೋರಿಗೆ ಬಿಸಿನೀರು ಸುರಿದೆ. ಹುಲ್ಲಿನ ಮೇಲಿನ ಕಾವಲಿಯನ್ನು ಎತ್ತಿ, ಉಜ್ಜಿ ಉಜ್ಜಿ, ಕೊನೆಗೆ ಅದನ್ನೂ ಚೀಲಕ್ಕೆ ಹಾಕಿದೆ. ಅವಳು ಅಷ್ಟರಲ್ಲಿ ಕೋಳಿಗೆ ಫೋನು ಮಾಡಿ, ಅಕ್ಕಪಕ್ಕದ ಮೂವರು ಹೆಂಗಸರನ್ನು ಕರೆಸಿ, ಈರುಳ್ಳಿ ಹೆಚ್ಚಲು ಕೂರಿಸಿದ್ದಳು. ಮುನ್ನೂರು ಜನವೂ ಕೋಳಿ ಉಂಡರು. ಯಾರಿಗೂ ಏನೂ ಆಗಲಿಲ್ಲ. ಸೀಗಡಿ ಎಲ್ಲಿ ಎಂದು ಒಬ್ಬಿಬ್ಬರು ಗೊಣಗಿದರಂತೆ.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಹೇಳುವಂಥದ್ದು ಕಡಿಮೆ. ವಸುಧಾ ನನ್ನ ಹಾಳೆಯನ್ನು ತಲುಪಿಸಬೇಕಾದ ಜಾಗಕ್ಕೆ ತಲುಪಿಸಿದಳು. ಇನ್‌ಸ್ಪೆಕ್ಟರು ಬಂದರು, ಗೋದಾಮಿನ ಮಾಲಿಗೆ ಸೀಲು ಬಿತ್ತು, ಅದನ್ನು ಹೂಳಿದರು. ಶೇಖರಣ್ಣ ದಂಡ ಕಟ್ಟಿ, ಆ ಹೆಸರಿನ ಕಂಪನಿ ಮುಚ್ಚಿ, ಇನ್ನೊಂದು ಹೆಸರಿನಲ್ಲಿ ಏರ್ ಕಂಡೀಷನ್ ಮಾರಲು ಶುರುಮಾಡಿದರು. ಸಮಾರಂಭಗಳಲ್ಲಿ ಈಗಲೂ ಮೊದಲ ಸಾಲಿನಲ್ಲಿ ಕೂರುತ್ತಾರೆ. ಒಮ್ಮೆ ಎದುರು ಸಿಕ್ಕಿದಾಗ ಕೈ ಚಾಚಿದರು. ನಾನು ನನ್ನ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ.

ವಸುಧಾಳ ಟ್ರಯಲ್ಲು ಅಲ್ಲಿಗೇ ಸತ್ತಿತು. ಆ ಹೊರದೇಶದ ಬೈಯರ್ ಸುದ್ದಿ ಕೇಳಿ ಹಿಂದೆ ಸರಿದ. ಚಳಿಗಾಲದಲ್ಲಿ ನಾವು ಅಷ್ಟು ಜೋಪಾನವಾಗಿ ಮಾಡಿದ ಆ ಎರಡನೇ ಬಟ್ಟಲಿನ ಸೀಗಡಿ, ರುಚಿಯೂ ಇದ್ದದ್ದು, ಕ್ರಿಮಿಯೂ ಇಲ್ಲದ್ದು, ಯಾರ ತಟ್ಟೆಗೂ ಹೋಗಲಿಲ್ಲ. "ಕಿರಣದ ತಪ್ಪೇನಿತ್ತು ಅಂಕಲ್?" ಎಂದು ಫೋನಿನಲ್ಲಿ ಕೇಳಿದಳು. ಏನೂ ಇರಲಿಲ್ಲ. ಸೋಪಿನಿಂದ ಹೇಸಿಗೆ ಮುಚ್ಚುವ ಮನುಷ್ಯರೂ ಇರುತ್ತಾರೆ ಎಂದು ಸೋಪನ್ನು ಕಂಡುಹಿಡಿದವನು ಎಣಿಸಿರಲಿಕ್ಕಿಲ್ಲ. ಅವಳು ನ್ಯೂಜಿಲೆಂಡಿಗೆ ಹೋದಳು, ಹಣ್ಣಿನ ಕಂಪನಿಗೆ.

ನನಗೆ ಕೆಲಸ ಹೋಯಿತು, ಅದು ಗೊತ್ತೇ ಇದ್ದದ್ದು. ಒಂದು ವರ್ಷ ಮನೆ ಮನೆಗೆ ಪಾರ್ಸೆಲ್ ಹಂಚಿದೆ. ಆಮೇಲೆ ಬಾಕ್ಸ್ ಹಿಲ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಮೀನಂಗಡಿ ಹಾಕಿದೆ. ಮೊದಲ ಕ್ರಿಸ್ಮಸ್ಸಿಗೆ ಸಿಡ್ನಿಯಿಂದ ಲಿಲ್ಲಿಬಾಯಿ ಫೋನು ಮಾಡಿದಳು. ಯಾರಿಂದಲೋ ನಂಬರ್ ತೆಗೆದುಕೊಂಡಿದ್ದಳು. ನಮಸ್ಕಾರ ಇಲ್ಲ, ಹೇಗಿದ್ದಿ ಇಲ್ಲ. "ಸೀಗಡಿ ಬೇಕು. ಪೆಟ್ಟಿಗೆ ಮೇಲೆ ನಿನ್ನ ಮೂಗು ಏನು ಹೇಳ್ತದೋ ಅದನ್ನ ಬರಿ. ಇಂಗ್ಲಿಷಲ್ಲಿ ಬರಿ" ಎಂದಳು. ಬರೆದು ಕಳಿಸಿದೆ. ಪ್ರತಿ ವರ್ಷ ಕಳಿಸುತ್ತೇನೆ.

ಈಗ ನನ್ನ ಬಳಿ ಇರುವುದು ಇಷ್ಟು. ಒಂದು ಅಂಗಡಿ. ಎರಡು ಫ್ರೀಜರು, ಎರಡಕ್ಕೂ ಬೇರೆ ಬೇರೆ ಅಲಾರಮ್ಮು. ಐದು ಚಾಕು. ಒಬ್ಬಳು ಹೆಂಡತಿ. ಒಂದು ಮೂಗು, ಸೀದ ಕೂದಲೊಂದನ್ನು ಬಿಟ್ಟರೆ ಬೇರೆ ಯಾವುದಕ್ಕೂ ಹೆದರದ್ದು. ಸೊಟ್ಟ ಅಕ್ಷರದ ಒಂದು ಇಂಗ್ಲಿಷ್ ಸೈನು, ದಿನವೂ ಹಾಕುವುದು. ಚೆಂದ ಅಕ್ಷರದ ಒಂದು ಕನ್ನಡ ಸೈನು, ಆರು ವರ್ಷದಿಂದ ಯಾವುದಕ್ಕೂ ಹಾಕದ್ದು.